ತಂದೆತಾಯಿಗಳ ಮನಸ್ಸಿಗೊಂದು ಒರೆಗಲ್ಲು?

ಜ್ವರವನ್ನಳೆಯಲು ತಾಪಮಾಪಕವುಂಟು. ಮಗುವಿನ ಮೇಲೆ ಕ್ರೂರವಾಗಿ ಕೈಮಾಡಬಹುದಾದ ತಂದೆತಾಯಿಗಳನ್ನು ಮೊದಲೇ ಗುರುತಿಸುವ ಮಾಪಕವೂ ಉಂಟೆ? ಎಳೆಯ ಮಕ್ಕಳ ಮುರಿದ ಎಲುಬುಗಳ ಹಿಂದೆ ಅನೇಕ ವೇಳೆ ಹೆತ್ತವರ ಕೈಯೇ ಇರುವುದೆಂದು ಅಮೆರಿಕದ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು 1962ರಲ್ಲಿ ಸಾರಿದಂದಿನಿಂದ ಈ ಪ್ರಶ್ನೆ ವಿಜ್ಞಾನಿಗಳನ್ನು ಕಾಡುತ್ತಿದೆ. ನಮ್ಮಲ್ಲಿಯೂ ಇದು ಅಪರೂಪದ ಸಂಗತಿಯಲ್ಲ. ಕೇಂದ್ರ ಸರ್ಕಾರವು 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು ಪೆಟ್ಟು ತಿಂದವರೇ. ಕರ್ನಾಟಕವು ಆ 13ರಲ್ಲಿ ಸೇರಿರಲಿಲ್ಲ.

ಮನಶ್ಶಾಸ್ತ್ರಜ್ಞ ಜೋಯೆಲ್ ಮಿಲ್ನರ್ ರಚಿಸಿದ ಪ್ರಶ್ನಾವಳಿಯಲ್ಲಿ 160 ಹೇಳಿಕೆಗಳಿವೆ. 'ಒಪ್ಪುವೆ', 'ಒಪ್ಪೆ' ಎಂದಷ್ಟೇ ಉತ್ತರ. ಇವುಗಳಲ್ಲಿ 77 ಹೇಳಿಕೆಗಳು ಮನೋವ್ಯಥೆ, ಮನೆಯ ಕಲಹ, ಮಕ್ಕಳ ವಿಷಯದ ಬಿಗಿ ನಿಲುವು ಮುಂತಾದುವನ್ನು ತೂಗಿ ನೋಡುತ್ತವೆ. ಒಳ್ಳೆಯವರೆನಿಸಿಕೊಳ್ಳಲು ಸುಳ್ಳಾಡುವವರನ್ನು ಹಿಡಿಯುವ ಹೇಳಿಕೆಗಳೂ ಬೇರೆ ಇವೆ, ಜಾಣತನವೇ ಸರಿ!

ಆದರೆ ಲೆಕ್ಕವನ್ನು ನೋಡೋಣ. ರಾಯಚೂರು ನಗರದಲ್ಲಿ 1000 ಮಂದಿ ಹೆತ್ತವರನ್ನು ಪರೀಕ್ಷಿಸಿದೆವೆಂದೂ ಅವರಲ್ಲಿ 20 ಮಂದಿ ನಿಜವಾಗಿ ಅಪಾಯಕಾರಿಗಳೆಂದೂ ಊಹಿಸಿಕೊಳ್ಳಿರಿ. ಪರೀಕ್ಷೆಯು ಅಪಾಯಕಾರಿಗಳಲ್ಲಿ ನೂರಕ್ಕೆ 80 ಮಂದಿಯನ್ನೂ, ನಿರಪರಾಧಿಗಳಲ್ಲಿ ನೂರಕ್ಕೆ 90 ಮಂದಿಯನ್ನೂ ಸರಿಯಾಗಿ ಗುರುತಿಸಲಿ. ಆಗ 16 ಮಂದಿ ಸಿಕ್ಕಿಬೀಳುವರು. ಅವರೊಡನೆ 98 ಮಂದಿ ನಿರಪರಾಧಿಗಳೂ ಕಳಂಕ ಹೊರುವರು. ನಾಲ್ವರು ತಪ್ಪಿಸಿಕೊಳ್ಳುವರು. ಅಪರೂಪದ ದೋಷವನ್ನು ಎಲ್ಲರಲ್ಲಿಯೂ ಹುಡುಕ ಹೊರಟರೆ ಗಣಿತವು ನಮ್ಮನ್ನು ಹೀಗೆ ಹಂಗಿಸುತ್ತದೆ.

ಇನ್ನು ಭಾಷಾಂತರದ ತೊಡಕು. ಮನೆ ಸದಾ ಓರಣವಾಗಿರಬೇಕೆಂಬ ಹಟ ಅಲ್ಲಿ ಬಿಗಿಸ್ವಭಾವದ ಚಿಹ್ನೆ. ದೇವದುರ್ಗದ ಒಂದೇ ಕೋಣೆಯ ಮನೆಯಲ್ಲಿ ಜೋಳದ ಚೀಲ, ಹಾಸಿಗೆ, ಮಕ್ಕಳು ಒಟ್ಟಿಗಿರುವಾಗ ಓರಣವಿಲ್ಲದೆ ಕಾಲಿಡಲು ಜಾಗವೆಲ್ಲಿ? ಮಾನ್ವಿಯ ಕಡೆಯಿಂದ ಗುಳೆ ಹೋಗುವ ದಂಪತಿಗಳು ಮಗುವನ್ನು ಅಜ್ಜಿಯ ಬಳಿ ಬಿಟ್ಟಿದ್ದರೆ ಪರೀಕ್ಷೆ ಯಾರಿಗೆ?

ನಮಗೆ ಹೆಚ್ಚು ಭರವಸೆ ತೋರುವುದು ಬೇರೊಂದು ದಾರಿ. ನ್ಯೂಯಾರ್ಕ್ ಪ್ರಾಂತದ ಎಲ್ಮೈರಾದಲ್ಲಿ ದಾದಿಯರು ಬಸುರಿಯರ ಮನೆಗೆ ಹೋಗಿಬರತೊಡಗಿ, ಮಗುವಿಗೆ 2 ವರ್ಷ ತುಂಬುವವರೆಗೂ ಮುಂದುವರಿಸಿದರು. ಆ ಮನೆಗಳಲ್ಲಿ ಮಕ್ಕಳ ಪೀಡನೆ, ಅಲಕ್ಷ್ಯಗಳು ಕಡಿಮೆಯಾದುದು 15 ವರ್ಷಗಳ ಅನಂತರದ, 1997ರ ವರದಿಯಲ್ಲಿ ಕಂಡುಬಂದಿತು. ನಮ್ಮ ಆಶಾ ಕಾರ್ಯಕರ್ತೆಯರೂ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿನ ಮನೆಗೆ 42 ದಿನಗಳೊಳಗೆ 6 ಬಾರಿ ಹೋಗಬೇಕೆಂಬ ನಿಯಮವಿದೆ. ಶಿಶುವಿನ ತೂಕದೊಡನೆ ತಾಯಿಯ ನಿದ್ದೆ, ಒಂಟಿತನ, ಗಂಡನ ಕುಡಿತಗಳನ್ನೂ ವಿಚಾರಿಸಬಹುದಷ್ಟೆ. ಆ ಉತ್ತರಗಳು ಸೇರಬೇಕಾದುದು ಪೊಲೀಸರನ್ನಲ್ಲ, ವೈದ್ಯರನ್ನು. ಈಗಾಗಲೇ ಪೆಟ್ಟು ತಿನ್ನುತ್ತಿರುವ ಮಗುವಿನ ಮಾತು ಬೇರೆ; ಅದಕ್ಕೆ 1098 ಎಂಬ ಸಹಾಯವಾಣಿಯಿದೆ, ಮಗು ತಾನೇ ಕರೆಮಾಡಬಹುದು.