ಒಲೆ ನಕ್ಕರೆ ನೆಂಟರು

ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಅಡಕೆಯ ಕೊಯಿಲು ಮುಗಿದು ಬಿಸಿಲು ಬಲಿಯತೊಡಗಿತೆಂದರೆ, ಅಂಗಳದಲ್ಲಿ ಚಾಪೆ ಮಡಚಿದ ಜಾಗಕ್ಕೆ ಸೌದೆಯ ಕುಂಟೆಗಳು ಬಂದು ಬೀಳುತ್ತವೆ. ಕೊಡಲಿ, ಬೆಣೆ, ಹಗ್ಗಗಳೊಡನೆ ಕೆಲಸದವರು ಬರುತ್ತಾರೆ. ಅವರೊಡನೆ ಆ ಕೆಲಸಕ್ಕೇ ಮೀಸಲಾದ ಒಂದು ಮಾತುಗಾರಿಕೆಯೂ ಬರುತ್ತದೆ. ಪರಸ್ಪರ ಛೇಡಿಸುವುದು, ಕೊಡಲಿಯನ್ನು ಹೀಯಾಳಿಸುವುದು, ಮನೆಯ ಯಜಮಾನನ ಜಿಪುಣತನವನ್ನು ಅವನಿಗೆ ಕೇಳಿಸುವಂತೆಯೇ ಹೊಗಳುವುದು—ಇವುಗಳ ನಡುವೆಯೇ ತಲೆಮಾರುಗಳ ಅನುಭವಜನ್ಯವಾದ ವಿದ್ಯೆಯೊಂದು ಕೈಯಿಂದ ಕೈಗೆ ದಾಟುತ್ತಿರುವುದೆಂಬುದನ್ನು, ಜಗಲಿಯ ಮೇಲೆ ಕುಳಿತು ಕಿವಿಗೊಟ್ಟವರೆಲ್ಲರೂ ಬಲ್ಲರು.

ಹೊಸಬನೊಬ್ಬನು ಕುಂಟೆಯ ನಟ್ಟನಡುವಿಗೆ ಗುರಿಯಿಟ್ಟು ಬಲವನ್ನೆಲ್ಲ ಸುರಿದು ಹೊಡೆದನೆನ್ನಿ; ಕೊಡಲಿ ಕಚ್ಚಿಕೊಂಡು ಬಿಡಿಸಲಾರದಂತೆ ನಿಲ್ಲುವುದು. "ಗಂಟಿನ ಸಂಗಡ ಯಾಕೋ ಗುದ್ದಾಟ ಮಾರಾಯ, ಅದೇನು ನಿನ್ನ ಭಾವನೆಂಟನಾ?" ಎಂದು ಹಿರಿಯನು ನಗುತ್ತಾನೆ. ನಕ್ಕು ಸುಮ್ಮನಾಗದೆ ಕುಂಟೆಯನ್ನು ಮಗುಚಿ ನಿಲ್ಲಿಸಿ, ಅದರ ತುದಿಯ ಮುಖವನ್ನು ಅಂಗೈಯಿಂದ ಒರಸಿ ತೋರಿಸುತ್ತಾನೆ. ತಿರುಳಿನಿಂದ ತೊಗಟೆಯ ಕಡೆಗೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಹರಿದಿರುವುದು ಆಗ ಕಣ್ಣಿಗೆ ಬೀಳುತ್ತದೆ. ಮರ ತಾನಾಗಿಯೇ ಒಡೆಯಲು ಸಿದ್ಧವಾಗಿರುವ ದಾರಿ ಅದು. ಆ ಬಿರುಕಿನ ನೇರಕ್ಕೆ, ನಡುವನ್ನು ಬಿಟ್ಟು ಅಂಚಿನ ಕಡೆಯಿಂದ ಏಟು ಬಿದ್ದರೆ ಅರ್ಧ ಶಕ್ತಿಗೇ ಸೀಳು ಹಾರಿ ಬೀಳುತ್ತದೆ. ಗಂಟಿರುವ ತುಂಡನ್ನಾದರೋ ಅವರು ಒಡೆಯುವ ಗೋಜಿಗೇ ಹೋಗದೆ, ಬಚ್ಚಲ ಹಂಡೆಯ ಒಲೆಗೆಂದು ಬದಿಗೆ ಸರಿಸುತ್ತಾರೆ. ಅಲ್ಲಿ ಅದು ನಿಧಾನವಾಗಿ ಕೆಂಡವಾಗಿ ಬಹಳ ಹೊತ್ತು ಕಾಯುತ್ತದೆ.

ಒಲೆಯೊಳಗೆ ಬುಸುಬುಸು ಸದ್ದಾದರೆ, "ಬೆಂಕಿ ನಗ್ತಾ ಉಂಟು, ಇನ್ನೊಂದು ಪಾವು ಅಕ್ಕಿ ಹಾಕಿ, ನೆಂಟರು ಬರ್ತಾರೆ" ಎನ್ನುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಂದ ಮಾತು. ಹಸಿ ಸೌದೆಯ ತುದಿಯನ್ನು ಹತ್ತಿರದಿಂದ ನೋಡಿದರೆ ಆ ನಗೆಯ ಮೂಲ ಕಾಣುತ್ತದೆ: ಒಂದು ಕಡೆ ಉರಿಯುತ್ತಿರುವಾಗ ಇನ್ನೊಂದು ತುದಿಯಲ್ಲಿ ನೊರೆ ಗುಳ್ಳೆಗಟ್ಟಿ, ಆವಿಯು ಸೀಟಿಯಂತೆ ಹೊರಡುತ್ತಿರುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದುಂಟು. ಬೇಸಗೆಯಲ್ಲಿ ಮತ್ತಿಯ ಕಾಂಡದ ಉಬ್ಬನ್ನು ಕಡಿದಾಗ ನೀರು ಚಿಮ್ಮುವುದನ್ನು ಕಾಡು ತಿರುಗುವವರು ಕಂಡಿದ್ದಾರೆ. ಕುದಿಯುವ ಒಂದು ಕಿಲೋ ನೀರು ಆವಿಯಾಗಿ ಹೋಗಲು ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು. ಅನ್ನವನ್ನು ಬೇಯಿಸಬೇಕಾದ ಬೆಂಕಿಯು ಮೊದಲು ಆ ನೀರನ್ನು ಬೇಯಿಸಿ ಓಡಿಸಬೇಕು. ಅಷ್ಟರಲ್ಲಿ ಉರಿ ತಣ್ಣಗಾಗಿ, ಉರಿಯಬೇಕಾದ ಅನಿಲವೆಲ್ಲ ಉರಿಯದೆ ಹೊಗೆಯಾಗಿ ಮಾಡಿಗೂ ಗೃಹಿಣಿಯ ಕಣ್ಣಿಗೂ ಎದೆಗೂ ಸೇರುತ್ತದೆ. ಆದುದರಿಂದ ಒಲೆ ನಕ್ಕಾಗಲೆಲ್ಲ ಅತ್ತವಳು ಊದುಗೊಳವೆ ಹಿಡಿದವಳೇ ಎಂಬುದನ್ನು ಗಂಡಸರು ಮರೆಯಬಾರದು. ಸೌದೆ ಒಣಗಿತೇ ಇಲ್ಲವೇ ಎಂದು ನೋಡಲು ಅನುಭವಿಗಳು ಎರಡು ಸೀಳುಗಳನ್ನು ಒಂದಕ್ಕೊಂದು ಬಡಿಯುತ್ತಾರೆ. ಠಣ್ ಎಂದರೆ ಒಣಗಿದೆ, ದಪ್ಪನೆಯ ಸದ್ದಾದರೆ ಇನ್ನೂ ಬಿಸಿಲು ಬೇಕು.

ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಸೌದೆ ಒಣಗಿಸುವುದು ಬದುಕಿನ ಪ್ರಶ್ನೆ. ಯುಗಾದಿಯ ಆಸುಪಾಸಿಗೆ ಸೀಳಿ, ಗಾಳಿ ಆಡುವಂತೆ ಅಡ್ಡಡ್ಡ ಒಟ್ಟಿ, ಮಿರುಗದ ಮಳೆಗೆ ಮುನ್ನ ಕಟ್ಟಿಗೆಮನೆಗೆ ಸೇರಿಸದಿದ್ದವನು ಆಷಾಢದಲ್ಲಿ ನೆರೆಮನೆಯವರ ಹಾಸ್ಯಕ್ಕೆ ಈಡಾಗುತ್ತಾನೆ. ಬೂರುಗದಂಥ ಹಗುರ ಮರ ಭಗ್ಗನೆ ಹೊತ್ತಿ ಬೂದಿಯಾಗುವುದೆಂದೂ, ಜಂಬೆಯಂಥ ಗಟ್ಟಿ ಮರ ತಡವಾಗಿ ಹೊತ್ತಿದರೂ ಕೆಂಡ ನಿಲ್ಲಿಸುವುದೆಂದೂ ಮಕ್ಕಳಿಗೂ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮುಂದೆ ರೂಪಿಸಿದ ಅಸ್ತ್ರ ಒಲೆಯು, ಜಾಲರಿಯ ಕೆಳಗಿನಿಂದ ಗಾಳಿ ಕೊಟ್ಟು, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟಿ, ಸೌದೆಯ ಖರ್ಚನ್ನು ಬಹಳವಾಗಿ ಇಳಿಸಿತು. ಆದರೆ ಆ ಒಲೆಯೂ ಕೇಳುವುದು ಸಣ್ಣಗೆ ಸೀಳಿದ ಒಣ ಸೌದೆಯನ್ನೇ. ವಿಜ್ಞಾನಿಯ ಲೆಕ್ಕವೂ ಅಂಗಳದ ಲೆಕ್ಕವೂ ಅಲ್ಲಿ ಒಂದಾದುವು.

ಮರ ಹತ್ತುವವರ ಹಾಸ್ಯಕ್ಕೆ ಇನ್ನೂ ಹೆಚ್ಚಿನ ಗಾಂಭೀರ್ಯವಿದೆ. ಚಗಳಿ ಇರುವೆಯ ಗೂಡಿರುವ ಕೊಂಬೆಗೆ ಕೈಯಿಟ್ಟವನಿಗೆ ಕೆಳಗಿನಿಂದ "ಚಟ್ನಿಗೆ ಸಾಕಾಗುವಷ್ಟು ತಾ" ಎಂಬ ಕೂಗು ಬರುತ್ತದೆ. ಆದರೆ ಹೊಳಗೇರು ಮರದ ಹತ್ತಿರ ಯಾರೂ ತಮಾಷೆ ಮಾಡರು, ಅದರ ಸೊನೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ. ಮರ ಉರುಳಿಸುವಾಗ, ಅದು ಬೀಳಬೇಕಾದ ದಿಕ್ಕಿಗೆ ಮೊದಲು ಒಂದು ಕಚ್ಚು ಹಾಕಿ, ಹಿಂಬದಿಯಿಂದ ಅದಕ್ಕಿಂತ ತುಸು ಮೇಲೆ ಕಡಿಯುತ್ತ ಬಂದು, ನಡುವೆ ಸ್ವಲ್ಪ ಮರವನ್ನು ಕಡಿಯದೆ ಉಳಿಸುವುದು ಅವರ ಕ್ರಮ. ಮರ ತಿರುಗಿ ಎತ್ತೆತ್ತಲೋ ಬೀಳದಂತೆ ಹಿಡಿಯುವುದು ಆ ಉಳಿದ ಭಾಗವೇ. ತೋಟದ ಮೇಲೆ ಬಾಗಿದ ಕೊಂಬೆಯಾದರೆ ಹಗ್ಗ ಕಟ್ಟಿ ಇಳಿಸಬೇಕು. ಕೆಳಗೆ ನಿಂತವನು ಹಗ್ಗ ಸಡಿಲಿಸುವುದು ಮೇಲಿನವನು ಹೇಳಿದಾಗ ಮಾತ್ರ.

ಮರ ಕಡಿಸುವ ಮುನ್ನ 1976ರ ಮರ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಪಡೆಯುವುದು ಯಜಮಾನನ ಹೊಣೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಹೊಣೆಯುಂಟು. ಒದ್ದೆ ತೊಗಟೆಯನ್ನು ಮುಟ್ಟಿ ನೋಡಿ, ಗಾಳಿಯ ದಿಕ್ಕು ನೋಡಿ, ಹತ್ತುವವನು "ಇವತ್ತು ಬೇಡ ಒಡೆಯರೇ" ಎಂದರೆ, ಅದನ್ನು ಸೋಮಾರಿತನವೆಂದು ತಿಳಿದು ಅವನನ್ನು ಒತ್ತಾಯಿಸಬೇಡಿ. ಆ ದಿನದ ಕೂಲಿಯನ್ನು ಕೊಟ್ಟು ಕಳುಹಿಸಿ, ಮುಂದಿನ ಸಲ ಬರುವಷ್ಟರಲ್ಲಿ ಒಂದು ಹೊಸ ಹಗ್ಗವನ್ನು ತಂದಿಡಿ.