ಮಸ್ಕಿಯಲ್ಲಿ ನಿಂತ ಬಸ್ಸು, ಬಾಪನ ಕ್ಯಾಸೆಟ್ಟು ಮತ್ತು ಅಣ್ಣಾವ್ರು

ಡಾ. ರಾಜ್‌ಕುಮಾರ್ ತೀರಿಹೋದದ್ದು 2006ರ ಏಪ್ರಿಲ್ 12ಕ್ಕೆ. ಮದ್ರಸದಲ್ಲಿ ಮಕ್ಕಳಿಗೆ ಅಲಿಫ್ ಬಾ ಹೇಳಿಕೊಡುವ ಉಸ್ತಾದ್ ಸಿನಿಮಾ ನಟನ ಬಗ್ಗೆ ಬರೆಯುವುದಾ ಅಂತ ಕೆಲವರಿಗೆ ಅನಿಸಬಹುದು. ಅನಿಸಲಿ. ಮೊದಲೇ ಹೇಳಿಬಿಡುತ್ತೇನೆ, ಸಿನಿಮಾ ನೋಡಿ ಅಂತ ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಆ ವಿಷಯದಲ್ಲಿ ನನ್ನ ಉಸ್ತಾದರು ಕಲಿಸಿದ್ದು ಏನುಂಟೋ ಅದೇ ನನ್ನ ಮಾತು. ಆದರೆ ಒಬ್ಬ ಮನುಷ್ಯನಿಂದ ನಮಗೆ ಒಳಿತಾದರೆ ಅದನ್ನು ನೆನೆಯಬೇಕು, ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗುವುದಿಲ್ಲ ಎಂಬುದೂ ಅದೇ ಉಸ್ತಾದರು ಕಲಿಸಿದ ಪಾಠ.

2006ರಲ್ಲಿ ನಾನು ಸಿಂಧನೂರಿನ ಒಂದು ಮದ್ರಸದಲ್ಲಿದ್ದೆ. ಊರಿನಿಂದ ಅಷ್ಟು ದೂರ ಹೋದದ್ದು ಅದೇ ಮೊದಲು. ನಮ್ಮ ಕರಾವಳಿಯ ಕಣ್ಣಿಗೆ ಅದು ಬೇರೆಯೇ ಲೋಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವಲ್ಲಿ ಕಣ್ಣು ಹಾಯುವವರೆಗೂ ಭತ್ತ, ಅಲ್ಲಿನವರ ಬಾಯಲ್ಲಿ ನೆಲ್ಲು. ಊರ ಸುತ್ತ ರೈಸ್‌ಮಿಲ್ಲುಗಳು. ಅದೇ ರಸ್ತೆಯಲ್ಲಿ ಮಸ್ಕಿ ದಾಟಿ ಲಿಂಗಸುಗೂರಿನ ಕಡೆಗೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ಕಲ್ಲುಗುಡ್ಡ, ಜೋಳ, ತೊಗರಿ, ಆಕಾಶ ನೋಡುವ ರೈತರು. ಅಲ್ಲಿನ ಮುಸ್ಲಿಮರ ಮನೆಮಾತು ಉರ್ದು. ನನಗೆ ಗೊತ್ತಿದ್ದದ್ದು ಬ್ಯಾರಿ, ಒಂದಿಷ್ಟು ಮಲಯಾಳಂ, ಕಿತಾಬಿನ ಅರಬಿ ಮತ್ತೆ ಕನ್ನಡ. ಉರ್ದು ಬಾರದ ಮೌಲಾನಾ ಎಂದರೆ ಅಲ್ಲಿ ಅರ್ಧ ಮೌಲಾನಾ! ಮಕ್ಕಳು ಹಿಂದಿನಿಂದ ನಗುತ್ತಿದ್ದರು. ಸಾಮಾನು ತರಲು ಹೋದರೂ ಕನ್ನಡದಲ್ಲೇ ವ್ಯವಹಾರ. ಆ ಕನ್ನಡವನ್ನೂ ಅವರು ತಿರುಗಿ ತಿರುಗಿ ನೋಡುತ್ತಿದ್ದರು.

ರಾತ್ರಿ ಒಂಬತ್ತಕ್ಕೆ ಮಸ್ಕಿಯಲ್ಲಿ

ರಬೀಉಲ್ ಅವ್ವಲ್ ತಿಂಗಳು. ಲಿಂಗಸುಗೂರಿನಲ್ಲಿ ಒಂದು ಮೀಲಾದ್ ಕಾರ್ಯಕ್ರಮ ಮುಗಿಸಿ ಬಸ್ಸು ಹತ್ತಿದ್ದೆ. ಮಧ್ಯಾಹ್ನವೇ ಸುದ್ದಿ ಬಂದಿತ್ತು, ಬೆಂಗಳೂರಿನಲ್ಲಿ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು ಅಂತ. ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದಿದ್ದವು. ಬಸ್ ನಿಲ್ದಾಣದ ಪಕ್ಕ ಒಬ್ಬ ದರ್ಜಿ ಚಾಚಾ ಇದ್ದರು, ಬಿಸ್ಮಿಲ್ಲಾ ಬರೆದ ಕ್ಯಾಲೆಂಡರ್ ಒಂದು ಗೋಡೆಗೆ, ಎದುರು ಗೋಡೆಗೆ ರಾಜ್‌ಕುಮಾರ್ ಫೋಟೋ. ಅವರು ಮಷಿನ್ ನಿಲ್ಲಿಸಿ ಸುಮ್ಮನೆ ಕೂತಿದ್ದರು. ನಾನು ಸಲಾಂ ಹೇಳಿದಾಗ ತಲೆಯೆತ್ತಿ, "82ರಾಗ ಗೋಕಾಕ್ ಚಳವಳಿ ಅಂತ ಎದ್ದಾಗ ನಮ್ಮೋರಿಗೆ ಉರ್ದು ಸಾಲಿದು ಏನಾಗತೈತೋ ಅಂತ ಭಾಳ ಹೆದರಿಕಿ ಇತ್ತು ಮೌಲಾನಾ. ಆದ್ರ ಈ ಮನುಷ್ಯಾನ ಮ್ಯಾಲ ಸಿಟ್ಟು ಬರಲೇ ಇಲ್ಲ ನೋಡ್ರಿ" ಎಂದರು. ಅಷ್ಟೇ ಹೇಳಿ ಮತ್ತೆ ಸುಮ್ಮನಾದರು.

ಬಸ್ಸು ಮಸ್ಕಿಗೆ ಬಂದದ್ದೇ ನಿಂತಿತು. ಮುಂದೆ ಹೋಗುವುದಿಲ್ಲ ಅಂದರು. ಬೆಂಗಳೂರಿನಲ್ಲಿ ಗಲಾಟೆ, ಬೆಂಕಿ ಎಂಬ ಸುದ್ದಿ ಜೊತೆಗೆ ನೂರು ಗಾಳಿಮಾತು. ರಾತ್ರಿ ಒಂಬತ್ತು ಗಂಟೆ, ಪರಿಚಯದವರು ಒಬ್ಬರೂ ಇಲ್ಲ, ತಲೆಯ ಮೇಲೆ ಟೋಪಿ, ಕೈಯಲ್ಲೊಂದು ಚೀಲ. ಸುಳ್ಳು ಯಾಕೆ ಹೇಳಬೇಕು, ನನಗೆ ಹೆದರಿಕೆಯಾಯಿತು.

ಪಕ್ಕದ ಸೀಟಿನಲ್ಲಿದ್ದ ಮುತ್ಯಾ ಒಬ್ಬರು, ರುಮಾಲು ಸುತ್ತಿದ ಒಕ್ಕಲಿಗ, "ಎಲ್ಲಿಗೆ ಹೋಗೋರು ನೀವು?" ಎಂದು ಕೇಳಿದರು. "ಸಿಂಧನೂರಿಗೆ ಹೋಗಬೇಕಾಗಿತ್ತು. ಈಗ ಏನು ಮಾಡುವುದೆಂದು ತಿಳಿಯುತ್ತಿಲ್ಲ" ಅಂದೆ. ಅವರು ನನ್ನನ್ನೇ ನೋಡಿದರು. "ಏನ್ ಚೆಂದ ಮಾತಾಡ್ತೀರಿ! ರಾಜ್‌ಕುಮಾರ ಮಾತಾಡ್ದಂಗ ಐತಿ. ಎಲ್ಲಿ ಕಲ್ತೀರಿ ಈ ಕನ್ನಡ?"

ಉತ್ತರ ನನ್ನ ಗಂಟಲಲ್ಲೇ ನಿಂತಿತು. ಕಲಿಸಿದ್ದು ನನ್ನ ಬಾಪ. ಬಾಪನಿಗೆ ಕಲಿಸಿದ್ದು ರಾಜ್‌ಕುಮಾರ್.

ಬಾಪನ ಶಾಲೆ

ನನ್ನ ಬಾಪ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ಸಣ್ಣ ಜೀನಸಿ ಅಂಗಡಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು. ಆದರೆ ಕನ್ನಡ ಮಾತಾಡಲು ಕೂತರೆ ಮೇಷ್ಟ್ರುಗಳೇ ಕಿವಿಗೊಡುತ್ತಿದ್ದರು. ಎಲ್ಲಿಂದ ಬಂತು ಆ ಕನ್ನಡ? ಸಿನಿಮಾದಿಂದ, ರೇಡಿಯೋದಿಂದ. ರಾಜ್‌ಕುಮಾರ್ ಪ್ರತಿ ಅಕ್ಷರವನ್ನೂ ಅದರ ಜಾಗದಲ್ಲೇ ಇಟ್ಟು ಮಾತಾಡುತ್ತಿದ್ದರು. ಅಲ್ಪಪ್ರಾಣ, ಮಹಾಪ್ರಾಣ, ಶಕಾರ, ಷಕಾರ ಯಾವುದೂ ಕಲಸಿಹೋಗುವುದಿಲ್ಲ. ಕುರ್‌ಆನ್ ಓದುವಾಗ ನಾವು ಮಖ್ರಜ್ ನೋಡುವುದಿಲ್ಲವಾ, ಯಾವ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡಬೇಕು ಅಂತ? ಆ ಶಿಸ್ತು ಕನ್ನಡಕ್ಕೂ ಉಂಟು ಅಂತ ನನ್ನ ಬಾಪನಂಥ ಸಾವಿರಾರು ಜನ ತಿಳಿದದ್ದು ಅವರಿಂದ.

ಆ ಮನುಷ್ಯ ಕಲಿತದ್ದಾದರೂ ಎಷ್ಟು? ಗಾಜನೂರಿನಲ್ಲಿ 1929ರ ಏಪ್ರಿಲ್ 24ಕ್ಕೆ ಹುಟ್ಟಿದ ಮುತ್ತುರಾಜ. ತಂದೆ ಪುಟ್ಟಸ್ವಾಮಯ್ಯ ನಾಟಕದ ನಟ. ಹುಡುಗನ ಓದು ಪ್ರಾಥಮಿಕ ಶಾಲೆಯನ್ನು ದಾಟಲಿಲ್ಲ. ನಾಟಕ ಕಂಪನಿಯೇ ಶಾಲೆ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, ಮುತ್ತುರಾಜ ರಾಜ್‌ಕುಮಾರ್ ಆದರು. ಆಮೇಲೆ 200ಕ್ಕೂ ಹೆಚ್ಚು ಚಿತ್ರ. ಶಾಲೆ ಬಿಟ್ಟ ಅದೇ ಮನುಷ್ಯನಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕುವೆಂಪು ಅವರೊಂದಿಗೆ ಕರ್ನಾಟಕ ರತ್ನ, 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. 1962ರಲ್ಲಿ 'ಮಹಾತ್ಮ ಕಬೀರ್' ಚಿತ್ರದಲ್ಲಿ ಅವರೇ ಕಬೀರ. ಮುಸ್ಲಿಂ ನೇಕಾರರ ಮನೆಯಲ್ಲಿ ಬೆಳೆದ ಕಬೀರನನ್ನು ಕನ್ನಡದವರು ನೆನೆಯುವಾಗ ಈಗಲೂ ಹಲವರ ಕಣ್ಣಿಗೆ ಬರುವ ಮುಖ ಅದೇ.

ಬಾಪನಿಗೆ ಎಲ್ಲಕ್ಕಿಂತ ಇಷ್ಟ 1972ರ 'ಬಂಗಾರದ ಮನುಷ್ಯ'. ತ.ರಾ.ಸು. ಅಲ್ಲ, ಟಿ.ಕೆ. ರಾಮರಾವ್ ಬರೆದ ಕಾದಂಬರಿ ಅದು ಅಂತ ನಮ್ಮನ್ನು ತಿದ್ದುತ್ತಿದ್ದರು. ಸಿದ್ದಲಿಂಗಯ್ಯನವರ ನಿರ್ದೇಶನ. ವಿಧವೆ ಅಕ್ಕನ ಸಂಸಾರಕ್ಕೆ ಆಸರೆಯಾಗಲು ಹಳ್ಳಿಗೆ ಬರುವ ರಾಜೀವ ಅಲ್ಲೇ ನಿಂತು ಕಲ್ಲುನೆಲವನ್ನು ಹೊಲ ಮಾಡುತ್ತಾನೆ. ಅಕ್ಕನ ಮಕ್ಕಳನ್ನು ದೊಡ್ಡವರನ್ನಾಗಿ ಮಾಡುತ್ತಾನೆ. ಕೊನೆಗೆ ಅದೇ ಮಕ್ಕಳಲ್ಲಿ ಒಬ್ಬ ಊಟದ ಹೊತ್ತಿಗೆ ಚುಚ್ಚಿ ಮಾತಾಡುತ್ತಾನೆ. ರಾಜೀವ ತಿರುಗಿ ಒಂದು ಮಾತು ಹೇಳುವುದಿಲ್ಲ. ಎದ್ದು ಹೊರಟುಬಿಡುತ್ತಾನೆ.

ಈ ಚಿತ್ರವನ್ನು ಹತ್ತು ವರ್ಷದವನಿದ್ದಾಗ ನೆರೆಮನೆಯ ಟಿ.ವಿ.ಯಲ್ಲಿ ಬಾಪನ ಪಕ್ಕ ಕೂತು ನೋಡಿದ್ದೆ. ಆ ಕೊನೆಗೆ ಬಾಪ ಅತ್ತರು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ತೀರಿಹೋದ ತಂಗಿಯ ಮಕ್ಕಳನ್ನು ಸಾಕಿದ್ದು ನನ್ನ ಬಾಪನೇ. ಆಮೇಲೆ ಪೇಟೆಯ ಅಂಗಡಿ ಯಾರಿಗೆ ಎಂಬ ಮಾತು ಬಂದಾಗ ಕೀಲಿಕೈ ಅವರ ಕೈಗಿಟ್ಟು, ಮನೆಯೆದುರು ಸಣ್ಣ ಗೂಡಂಗಡಿ ಹಾಕಿಕೊಂಡರು. ಆ ಬಗ್ಗೆ ಒಂದು ದಿನವೂ ದೂರು ಹೇಳಲಿಲ್ಲ.

ನಾನು ಮಾಡಿದ ತಪ್ಪು

1999ರಲ್ಲಿ ನಾನು ದರ್ಸಿನಲ್ಲಿ ಕಲಿಯುತ್ತಿದ್ದೆ. ರಜೆಗೆ ಮನೆಗೆ ಬಂದವನಿಗೆ ಬಾಪನ ಟೇಪ್‌ರೆಕಾರ್ಡರಿನಿಂದ ರಾಜ್‌ಕುಮಾರ್ ಹಾಡು ಕೇಳಿಸಿತು. ಹೊಸದಾಗಿ ನಾಲ್ಕು ಕಿತಾಬು ಓದಿದ ಬಿಸಿ ನೋಡಿ. ಉಸ್ತಾದ್ ಆಗುವವನ ಮನೆಯಲ್ಲಿ ಇದಾ ಅಂತ ಕ್ಯಾಸೆಟ್ ಹೊರತೆಗೆದು, ಬಾಪನ ಕಣ್ಣೆದುರೇ ಅದರ ರೀಲು ಎಳೆದು ಹಾಕಿದೆ. ಬಾಪ ಆಗ ಊಟಕ್ಕೆ ಕೂತಿದ್ದರು. ಏನೂ ಹೇಳಲಿಲ್ಲ. ಅರ್ಧ ಬಟ್ಟಲು ಗಂಜಿ ಬಿಟ್ಟು, ಕೈ ತೊಳೆದು ಎದ್ದು ಹೋದರು. ಉಮ್ಮ ನನ್ನ ಮುಖ ನೋಡಿದರು, ಅಷ್ಟೇ.

ಮರುವರ್ಷ, 2000ದ ಜುಲೈ 30ಕ್ಕೆ ವೀರಪ್ಪನ್ ರಾಜ್‌ಕುಮಾರರನ್ನು ಗಾಜನೂರಿನಿಂದ ಅಪಹರಿಸಿದ. 108 ದಿನ ಕಾಡಿನಲ್ಲಿಟ್ಟ. ಅಷ್ಟೂ ದಿನ ಬಾಪ ಮಗ್ರಿಬ್ ಮುಗಿಸಿ ರೇಡಿಯೋ ವಾರ್ತೆಗೆ ಕೂರುತ್ತಿದ್ದರು ಅಂತ ಉಮ್ಮ ಹೇಳಿದ್ದರು. ನವೆಂಬರ್ 15ಕ್ಕೆ ಬಿಡುಗಡೆಯಾದ ದಿನ ಅಂಗಡಿಗೆ ಬಂದ ಮಕ್ಕಳಿಗೆಲ್ಲ ಮಿಠಾಯಿ ಹಂಚಿದರಂತೆ. ಆದರೆ ಹಾಡು ಮಾತ್ರ ಮನೆಯಲ್ಲಿ ಮತ್ತೆ ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡಿದ್ದೆ.

ಜೋಳದ ರೊಟ್ಟಿ ಮತ್ತು ಒಂದು ಪ್ರಶ್ನೆ

ಇದೆಲ್ಲ ಆ ರಾತ್ರಿ ಮಸ್ಕಿಯ ಮುತ್ಯಾನ ಮನೆಯ ಕಟ್ಟೆಯಲ್ಲಿ ಕೂತಾಗ ನೆನಪಾಯಿತು. ಹೌದು, ಅವರೇ ಕರೆದುಕೊಂಡು ಹೋದರು. ಇಶಾ ನಮಾಝಿಗೆ ಹೊಸ ಚಾದರ ಹಾಸಿಕೊಟ್ಟರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಬಡಿಸಿದರು. ಅವರು ಮಾತ್ರ ಊಟ ಮಾಡಲಿಲ್ಲ.

"72ರಾಗ ಬರಗಾಲ. ಊರಿಗೆ ಊರೇ ಗುಳೆ ಹೊಂಟಿತ್ತು. ನಾನೂ ಗಂಟು ಕಟ್ಟಿದ್ದೆ. ಆಮ್ಯಾಲೆ ಸಿಂಧನೂರಾಗ ಆ ಸಿನಿಮಾ ನೋಡಿದೆ, ಹೊಲಾ ಬಿಟ್ಟು ಹೋಗಾಕ ಮನಸು ಬರಲಿಲ್ಲ" ಅಂದರು. "ಬಾವಿ ತೋಡಿದ್ರಾ? ನೀರು ಬಂತಾ?" ಅಂತ ನಾನು ಕೇಳಿದೆ. ಮುತ್ಯಾ ನಕ್ಕರು. "ಎಲ್ಲಿ ನೀರು? ಕಲ್ಲು ಬಂತು. ಸಿನಿಮಾ ನೋಡಿ ಯಾರೂ ಸಾವ್ಕಾರ ಆಗ್ಲಿಲ್ರಿ. ಆದ್ರ ಕೆಸರಾಗ ನಿಂತು ದುಡಿಯೋನಿಗೆ ಒಂದು ಮರ್ಯಾದಿ ಐತಿ ಅಂತ ನಮ್ಮ ಮಕ್ಕಳಿಗೆ ತಿಳೀತು. ಅಷ್ಟು ಸಾಕಾತು."

ಆ ಸೀಮೆಯನ್ನು ಯೋಚಿಸಿ. ಲಿಂಗಸುಗೂರಿನ ಹತ್ತಿರವೇ ಹಟ್ಟಿಯ ಚಿನ್ನದ ಗಣಿ. ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಸಿಕ್ಕಿದ ಶಾಸನದಿಂದಲೇ 'ದೇವಾನಾಂಪ್ರಿಯ' ಎಂದರೆ ಅಶೋಕ ಎಂಬುದು ಖಾತ್ರಿಯಾದದ್ದು. ವಿಜಯನಗರ, ಬಹಮನಿ, ಬಿಜಾಪುರ ಎಲ್ಲರೂ ಈ ನೆಲಕ್ಕೆ ಕಾದಾಡಿದರು. ರಾಜ್‌ಕುಮಾರ್ 'ಶ್ರೀಕೃಷ್ಣದೇವರಾಯ'ನೂ ಆಗಿದ್ದರು, 'ಇಮ್ಮಡಿ ಪುಲಿಕೇಶಿ'ಯೂ ಆಗಿದ್ದರು. ಆದರೆ ಆ ಮುತ್ಯಾನಿಗೆ ಬೇಕಾದದ್ದು ಕಿರೀಟದ ರಾಜ್‌ಕುಮಾರ್ ಅಲ್ಲ, ಹೊಲದ ರಾಜ್‌ಕುಮಾರ್. ಮರ ನೆಟ್ಟವನ ಫಲವನ್ನು ಹಕ್ಕಿ ತಿಂದರೂ ಅವನಿಗೆ ಅದು ಸದಕ ಎಂದು ನಾನು ಮದ್ರಸದಲ್ಲಿ ಪಾಠ ಮಾಡಿದ್ದೆ. ಪಾಠ ಮಾಡಿದವನಿಗಿಂತ ಚೆನ್ನಾಗಿ ಅರ್ಥವಾದವರ ಮನೆಯ ಕಟ್ಟೆಯಲ್ಲಿ ಅವತ್ತು ಕೂತಿದ್ದೆ.

ಮಲಗುವ ಮೊದಲು ಮುತ್ಯಾ ಕೇಳಿದರು, "ನಿಮ್ಮ ಮನ್ಯಾಗೂ ಅವರ ಸಿನಿಮಾ ನೋಡೋರು ಇದ್ದಾರೇನ್ರಿ?" "ನಮ್ಮ ಬಾಪ" ಅಂದೆ. "ಹಂಗಾರ ಅವರಿಗೆ ಇವತ್ತು ಭಾಳ ತ್ರಾಸ ಆಗಿರತೈತಿ. ಮಾತಾಡ್ಸಿದ್ರೇನು?"

ನಾನು ಮಾತಾಡಿಸಿರಲಿಲ್ಲ. ಇಡೀ ದಿನ ಆ ಯೋಚನೆಯೇ ಬಂದಿರಲಿಲ್ಲ.

ಎಸ್‌ಟಿಡಿ ಬೂತಿನಲ್ಲಿ

ಮರುದಿನ ಅವರ ಅಂತ್ಯಕ್ರಿಯೆ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ. ಸುಬ್ಹಿ ಮುಗಿಸಿ, ಅರ್ಧ ಬಾಗಿಲು ತೆರೆದಿದ್ದ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದೆ. ಬಾಪನೇ ಎತ್ತಿದರು. ಸ್ವರ ಬಿದ್ದುಹೋಗಿತ್ತು. "ನೀನು ಸುರಕ್ಷಿತ ಇದ್ದಿಯಾ? ಗಲಾಟೆ ಉಂಟಂತೆ" ಅಂತ ನನ್ನದೇ ವಿಚಾರಣೆ. ನಾನು ತಡವರಿಸಿ, "ಬಾಪ, ಆ ಕ್ಯಾಸೆಟ್... ನನ್ನದು ತಪ್ಪಾಯಿತು" ಅಂದೆ. ಸ್ವಲ್ಪ ಹೊತ್ತು ಮೌನ. ಮೀಟರು ಓಡುತ್ತಿತ್ತು. ಆಮೇಲೆ ಹೇಳಿದರು: "ಹಾಡು ಬೇಡ ಅಂತ ಹೇಳಿದ್ದು ತಪ್ಪಲ್ಲ ಮೋನೇ. ಹೇಳಿದ ರೀತಿ ತಪ್ಪು. ಇಲ್ಮ್ ಕಲಿತವನ ನಾಲಿಗೆ ಮೆದು ಇರಬೇಕು."

ನಾನು ಹನ್ನೆರಡು ವರ್ಷ ದರ್ಸಿನಲ್ಲಿ ಕಲಿತದ್ದರ ಸಾರ ಮಸ್ಕಿಯ ಬೂತಿನಲ್ಲಿ, ಎರಡನೇ ಕ್ಲಾಸಿನ ಬಾಪನ ಬಾಯಿಂದ ಸಿಕ್ಕಿತು.

ರಾಜ್‌ಕುಮಾರ್ ಅಭಿಮಾನಿಗಳನ್ನು 'ದೇವರುಗಳೇ' ಎಂದು ಕರೆಯುತ್ತಿದ್ದರು. ನಮ್ಮ ಅಕೀದಕ್ಕೆ ಆ ಮಾತು ಒಗ್ಗುವುದಿಲ್ಲ, ನಾವು ಹಾಗೆ ಹೇಳಲಾರೆವು. ಆದರೆ ಅಷ್ಟು ಎತ್ತರ ಏರಿದವನು ಕೆಳಗೆ ನಿಂತವರಿಗೆ ಕೈ ಮುಗಿಯುತ್ತಿದ್ದ ಆ ವಿನಯ ಇದೆಯಲ್ಲ, ಅದನ್ನು ನಾವೇನು ಬೇರೆಯವರಿಂದ ಕಲಿಯಬೇಕಾಗಿರಲಿಲ್ಲ, ನಮ್ಮ ಕಿತಾಬಿನಲ್ಲೇ ಉಂಟು. ಮರೆತಿದ್ದೇವೆ, ಅಷ್ಟೇ. ರಾಜಕೀಯಕ್ಕೆ ಎಷ್ಟು ಕರೆದರೂ ಅವರು ಹೋಗಲಿಲ್ಲ. ತೀರಿಕೊಂಡ ಮೇಲೆ ಅವರ ಕಣ್ಣುಗಳು ಬೇರೆಯವರಿಗೆ ಬೆಳಕಾದವು. ಅಂಗಾಂಗ ದಾನದ ಬಗ್ಗೆ ನಮ್ಮ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದನ್ನು ಬಲ್ಲವರಲ್ಲೇ ಕೇಳಿ. ಆದರೆ ಕೊಟ್ಟವರ ಮನಸ್ಸನ್ನು ಗೌರವಿಸಲು ಫತ್ವಾ ಬೇಕಿಲ್ಲ.

ಅವತ್ತು ಮದ್ರಸಕ್ಕೆ ಮರಳಿದಾಗ ಒಬ್ಬ ಹುಡುಗ ಕೇಳಿದ, "ಅವರು ನಮ್ಮವರಲ್ಲ, ನಾವ್ಯಾಕೆ ದುಃಖ ಪಡಬೇಕು?" ನಾನು ಅವನಿಗೆ, ಒಬ್ಬ ಯಹೂದಿಯ ಜನಾಝ ಹಾದು ಹೋಗುವಾಗ ನಮ್ಮ ಪ್ರವಾದಿ (ಸ.ಅ.) ಎದ್ದು ನಿಂತ ಘಟನೆ ಹೇಳಿದೆ. ಅದೂ ಒಂದು ಜೀವ ಅಲ್ಲವೇ ಎಂದು ಅವರು ಸಂಗಡಿಗರನ್ನು ಕೇಳಿದ್ದರು. ಹುಡುಗ ಮತ್ತೆ ಪ್ರಶ್ನೆ ಕೇಳಲಿಲ್ಲ.

ಬಾಪ 2011ರಲ್ಲಿ ತೀರಿಕೊಂಡರು. ಆ ಫೋನಿನ ನಂತರ ಅಲ್ಲಾಹನು ನಮಗೆ ಐದು ವರ್ಷ ಕೊಟ್ಟ, ಅಲ್‌ಹಮ್ದುಲಿಲ್ಲಾಹ್. ರಜೆಗೆ ಹೋದಾಗ ಅವರು ಸಿನಿಮಾದ ಕಥೆ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಕಥೆ ಹೇಳುತ್ತಾ ಹೇಳುತ್ತಾ ತಮ್ಮ ತಂಗಿಯ ಬಗ್ಗೆ, ಬಿಟ್ಟುಕೊಟ್ಟ ಅಂಗಡಿಯ ಬಗ್ಗೆ, ಯಾರಿಗೂ ಹೇಳದ ಮಾತು ಹೇಳಿಬಿಡುತ್ತಿದ್ದರು. ಅವರ ಮಯ್ಯಿತ್ತಿಗೆ ಹೆಗಲು ಕೊಟ್ಟವರಲ್ಲಿ ಆ ಅಂಗಡಿ ತೆಗೆದುಕೊಂಡ ಅಳಿಯನೂ ಇದ್ದ. ಕಬರಿನ ಹತ್ತಿರ ಅವನೇ ಎಲ್ಲರಿಗಿಂತ ಹೆಚ್ಚು ಅತ್ತ.

ನಮ್ಮ ಮನೆಗಳಲ್ಲಿ ಈಗ ಕಲಿತ ಮಕ್ಕಳಿದ್ದಾರೆ. ದೀನ್ ಕಲಿತವರು, ಇಂಜಿನಿಯರಿಂಗ್ ಕಲಿತವರು, ಗಲ್ಫಿನಲ್ಲಿ ದುಡಿಯುವವರು. ಹಿರಿಯರ ಸಣ್ಣ ಇಷ್ಟಗಳನ್ನು ತಿದ್ದುವ ಅವಸರ ಎಲ್ಲರಿಗೂ ಉಂಟು. ತಿದ್ದಿ, ಆದರೆ ಅವರು ಊಟಕ್ಕೆ ಕೂತಾಗ ಬೇಡ. ಅದಕ್ಕೂ ಮೊದಲು ಒಮ್ಮೆ ಪಕ್ಕದಲ್ಲಿ ಕೂತು, ಅದು ಯಾಕೆ ಇಷ್ಟ ಅಂತ ಕೇಳಿ. ಬಾಪ, ಉಮ್ಮ ಇರುವವರು ಇವತ್ತೇ ಕೇಳಿ.