ಬಂದೂಕು ಇಳಿಸಿದ ಕೈಗೆ ಗಾಳದ ಕೋಲು

ಮೀನು ಹಿಡಿಯೋದು ಕೆಲಸವಿಲ್ಲದವರ ಕೆಲಸ ಅಂತೀರಾ? ಹಾಗಾದರೆ ಅಮೆರಿಕದ ಮೇರಿಲ್ಯಾಂಡಿನ ಬರ್ನಾರ್ಡ್ ಕ್ರೆ ಅವರ ಕತೆ ಕೇಳಿ. ಎಡಚರಾದ್ದರಿಂದ ಎಲ್ಲರ ಬಾಯಲ್ಲೂ 'ಲೆಫ್ಟಿ'. 1925ರಲ್ಲಿ ಹುಟ್ಟಿ, 2018ರ ಮಾರ್ಚ್‌ನಲ್ಲಿ 93ನೇ ವಯಸ್ಸಿಗೆ ತೀರಿಕೊಂಡರು. ಎರಡನೇ ಮಹಾಯುದ್ಧದ 'ಬಲ್ಜ್' ಕಾಳಗದಲ್ಲಿ ಕಾದಾಡಿ ಬಂದ ಸಿಪಾಯಿ.

ಅವರ ಗಾಳಕ್ಕೆ ಎರೆಹುಳು ಇಲ್ಲ. ಗರಿ, ನೂಲು ಸುತ್ತಿದ ಹುಸಿನೊಣ. ನೊಣಕ್ಕೆ ತೂಕವೇ ಇಲ್ಲ; ಭಾರದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಅದನ್ನು ನೀರಿಗೆ ಇಳಿಸಬೇಕು. ತೋಳ್ಬಲ ಬೇಡ, ಹದ ಬೇಕು. ಲೆಫ್ಟಿ ದಶಕಗಟ್ಟಲೆ ಜನಕ್ಕೆ ಕಲಿಸಿದ್ದು ಇದನ್ನೇ.

2005ರಲ್ಲಿ ನಿವೃತ್ತ ನೌಕಾಪಡೆ ಕ್ಯಾಪ್ಟನ್ ಎಡ್ ನಿಕೋಲ್ಸನ್, ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ 'ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್' ಶುರುಮಾಡಿದರು. ಇರಾಕ್, ಅಫ್ಘಾನಿಸ್ತಾನದಲ್ಲಿ ಕೈಕಾಲು ಕಳಕೊಂಡು ಬಂದ ಹುಡುಗರಿಗೆ ಹುಸಿನೊಣ ಕಟ್ಟೋದು, ಗಾಳ ಬೀಸೋದು ಕಲಿಸಿ ಹೊಳೆಗೆ ಕರಕೊಂಡು ಹೋಗುವ ಕೆಲಸ. ಕಲಿಸುವವರು ಸ್ವಯಂಸೇವಕರು. ಹುಡುಗರಿಂದ ಬಿಡಿಗಾಸೂ ಪಡೆಯುವುದಿಲ್ಲ. 80 ದಾಟಿದ್ದ ಲೆಫ್ಟಿಯೂ ಇದಕ್ಕೆ ಹೆಗಲು ಕೊಟ್ಟರು.

ಒಂದೇ ಕೈ ಉಳಿದಿದ್ದರೂ ಕೋಲು ಬೀಸಬಹುದು. ನಿದ್ದೆಯಲ್ಲೂ ಗುಂಡಿನ ಸದ್ದು ಕೇಳುವವನಿಗೆ, ತೇಲುವ ನೊಣದ ಮೇಲೆ ಕಣ್ಣಿಟ್ಟಷ್ಟು ಹೊತ್ತಾದರೂ ಮನಸ್ಸು ನಿಂತಲ್ಲೇ ನಿಲ್ಲುತ್ತದೆ. ಸಿಪಾಯಿಯ ನೋವು ಸಿಪಾಯಿಗೇ ಗೊತ್ತು, ಅಲ್ಲವೇ?

ಲೆಫ್ಟಿ ರೂಪಿಸಿದ 'ಡಿಸೀವರ್' ಹುಸಿನೊಣ 1991ರಲ್ಲಿ ಅಮೆರಿಕದ ಅಂಚೆಚೀಟಿ ಮೇಲೇ ಬಂತು. ದೊಡ್ಡ ಮಾನವೇ ಸರಿ. ಆದರೆ ಯುದ್ಧ ಮುಗಿದ ಮೇಲೆ ಸಿಪಾಯಿಗೆ ಹಾರ ಹಾಕಿ ಮರೆಯುವವರೇ ಹೆಚ್ಚು. ಜತೆಗೆ ನೀರಿಗಿಳಿಯುವವರು ಕಮ್ಮಿ. ಮೀನು ಸಿಕ್ಕಿತೋ ತಪ್ಪಿತೋ, ಅದು ಆಮೇಲಿನ ಮಾತು.